ಬೀಟಾ ಹಾಕಿ ನೋಡುವ ಮುನ್ನ

ಊಟಿಯಿಂದ ಸುಮಾರು 25 ಕಿ.ಮೀ. ಆಚೆಗಿರುವ ಅವಲಾಂಚ್‌ಗೆ ಹಳೆಯದೊಂದು ಭೂಕುಸಿತದಿಂದ ಆ ಹೆಸರು ಬಂತು ಎನ್ನುತ್ತಾರೆ. 2019ರ ಆಗಸ್ಟ್‌ನಲ್ಲಿ ಇಲ್ಲಿ ಒಂದೇ ದಿನ 900 ಮಿ.ಮೀ. ಮೀರಿ ಮಳೆ ಸುರಿದಿತ್ತು. ಮಳೆಗಾಲದಲ್ಲಿ ಮರ ಬಿದ್ದರೆ ಕರೆಂಟ್ ಇಲ್ಲ. ಸಿಗ್ನಲ್ ಮೊದಲೇ ಅಷ್ಟಕ್ಕಷ್ಟೆ. ಇಂಥಲ್ಲಿ ಕೂತು ಅರೆಬೆಂದ ಆಪರೇಟಿಂಗ್ ಸಿಸ್ಟಂ ಪರೀಕ್ಷಿಸುವುದು ಹುಚ್ಚು ಅನ್ನಿಸಬಹುದು. ನನಗಂತೂ ಇದೇ ಸರಿಯಾದ ಜಾಗ. ನೆಟ್ ಇಲ್ಲದೆ ಯಾವುದು ನಡೆಯುತ್ತದೆ, ಯಾವುದು ಕೈಕೊಡುತ್ತದೆ ಎಂಬುದು ಇಲ್ಲಿ ಅರ್ಧ ಗಂಟೆಯಲ್ಲೇ ತಿಳಿಯುತ್ತದೆ.

ಉಬುಂಟುವನ್ನೇ ಉದಾಹರಣೆಯಾಗಿ ಹಿಡಿಯೋಣ. ಅದರ ಹೊಸ ಆವೃತ್ತಿ ಏಪ್ರಿಲ್‌ಗೊಂದು, ಅಕ್ಟೋಬರ್‌ಗೊಂದು ಬರುತ್ತದೆ. 24.04 ಎಂದರೆ 2024ರ ಏಪ್ರಿಲ್. ಕೆಲವು ವಾರ ಮುಂಚೆ ಬೀಟಾ, ಅಂದರೆ ಪರೀಕ್ಷೆಗೆಂದು ಬಿಡುವ ಆವೃತ್ತಿ, ಸಿಗುತ್ತದೆ. ಅದಕ್ಕೂ ಮುಂಚೆ ದಿನನಿತ್ಯ ಸಿದ್ಧವಾಗುವ ಕಟ್ಟುಗಳು (ಡೈಲಿ ಬಿಲ್ಡ್) ಇರುತ್ತವೆ.

ಮೊದಲು ಯಂತ್ರ. ಜಿಎಸ್‌ಟಿ ಲೆಕ್ಕ, ಮಕ್ಕಳ ಫೋಟೊ ಇರುವ ಲ್ಯಾಪ್‌ಟಾಪ್‌ಗೆ ಕೈ ಹಾಕಬೇಡಿ. ಮೂಲೆ ಸೇರಿದ ಹಳೆಯದೊಂದು ಸಾಕು: 8 ಜಿಬಿ ರ‍್ಯಾಮ್ ಇದ್ದರೆ ಆರಾಮ, 4 ಇದ್ದರೆ ತಾಳ್ಮೆ ಬೇಕು. ಇರುವುದು ಒಂದೇ ಯಂತ್ರವಾದರೆ ವರ್ಚುವಲ್‌ಬಾಕ್ಸ್ ಒಳಗೆ ಓಡಿಸಿ. ಕಡತಗಳನ್ನು ಬೇರೆ ಡಿಸ್ಕ್‌ಗೆ ನಕಲಿಸಿ, ಆ ನಕಲಿನಿಂದಲೇ ನಾಲ್ಕು ಕಡತ ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ಪನ್ನು ನಂಬಿ ಒಂದು ವರ್ಷದ ಫೋಟೊ ಕಳೆದುಕೊಂಡವನು ನಾನು. ವಿಂಡೋಸ್‌ನಲ್ಲಿ ಬಿಟ್‌ಲಾಕರ್ ಚಾಲೂ ಇದ್ದರೆ ಅದರ 48 ಅಂಕಿಗಳ ರಿಕವರಿ ಕೀ ಕಾಗದದ ಮೇಲೆ ಬರೆದಿಡಿ. ಬೂಟ್ ಸೆಟ್ಟಿಂಗ್ ಬದಲಿಸಿದಾಗ ಯಂತ್ರ ಅದನ್ನು ಕೇಳಬಹುದು.

ಡೌನ್‌ಲೋಡನ್ನು ಊಟಿಯಲ್ಲೇ ಮುಗಿಸಿಕೊಂಡು ಬನ್ನಿ. ಕಡತ ಐದಾರು ಜಿಬಿ ತೂಗುತ್ತದೆ. ಹಿಂದಿನ ವಾರದ ಕಟ್ಟು ನಿಮ್ಮಲ್ಲಿದ್ದರೆ ಝಡ್‌ಸಿಂಕ್ ಬಳಸಿ, ಬದಲಾದ ಭಾಗವನ್ನಷ್ಟೇ ಅದು ಎಳೆದುಕೊಳ್ಳುತ್ತದೆ. ಆಮೇಲೆ ಎಸ್‌ಎಚ್‌ಎ256 ಮೊತ್ತವನ್ನು ಜಾಲತಾಣದಲ್ಲಿರುವುದರೊಂದಿಗೆ ಹೋಲಿಸಿ. ರೂಫಸ್ ಅಥವಾ ಎಚರ್ ಬಳಸಿ ಪೆನ್‌ಡ್ರೈವ್‌ಗೆ ಬರೆಯಿರಿ. ಅದರಲ್ಲಿದ್ದುದೆಲ್ಲ ಅಳಿದುಹೋಗುತ್ತದೆ, ನೆನಪಿರಲಿ.

ಯಂತ್ರ ಚಾಲೂ ಮಾಡುವಾಗ ಎಫ್12 ಒತ್ತಿ (ಕೆಲವದರಲ್ಲಿ ಎಫ್2, ಎಸ್ಕೇಪ್) ಪೆನ್‌ಡ್ರೈವ್ ಆಯ್ದುಕೊಳ್ಳಿ. ಇನ್‌ಸ್ಟಾಲ್ ಮಾಡದೆ ‘ಟ್ರೈ’ ಎಂಬುದನ್ನೇ ಒತ್ತಿ. ವೈಫೈ, ಧ್ವನಿ, ಟಚ್‌ಪ್ಯಾಡ್, ಮುಚ್ಚಳ ಮುಚ್ಚಿ ತೆರೆದಾಗ ಎಚ್ಚರಗೊಳ್ಳುತ್ತದೆಯೇ ಎಂಬುದು: ಇವಿಷ್ಟು ಹತ್ತು ನಿಮಿಷದ ಕೆಲಸ.

ಉಳಿದ ಹೊತ್ತು ಕನ್ನಡಕ್ಕೆ. ವೈಫೈ ಕೆಟ್ಟರೆ ಜಗತ್ತಿನ ಸಾವಿರ ಮಂದಿ ಕೂಗುತ್ತಾರೆ. ಒತ್ತಕ್ಷರ ಒಡೆದರೆ ನಾವೇ ಕೂಗಬೇಕು, ಅದೂ ಅಂತಿಮ ಆವೃತ್ತಿ ಹೊರಬೀಳುವ ಮುಂಚೆ. ಟೈಪಿಂಗ್ ವ್ಯವಸ್ಥೆಯಾದ ಐಬಸ್‌ನ ಎಂ17ಎನ್ ಪ್ಯಾಕೇಜಿನಲ್ಲಿ ಕೆಜಿಪಿ, ಇನ್‌ಸ್ಕ್ರಿಪ್ಟ್ ಎರಡೂ ಕೀಲಿಮಣೆ ವಿನ್ಯಾಸಗಳಿವೆ. ‘ನುಡಿ’ ತಂತ್ರಾಂಶದಲ್ಲಿ ಬೆರಳು ಪಳಗಿದವರಿಗೆ ಕೆಜಿಪಿ. ಟೈಪ್ ಮಾಡಿ ನೋಡಿ: ಸೂರ್ಯ, ರಾಷ್ಟ್ರ, ಸ್ತ್ರೀ, ಕರ್ತೃ. ಆಮೇಲೆ ಕಷ್ಟದವು: ರಾಜ್‌ಕುಮಾರ್ ಎಂಬಲ್ಲಿ ‘ಕು’ ಜಾರಿ ‘ಜ’ಗೆ ಒತ್ತಾಗುತ್ತದೆಯೇ? ರ‍್ಯಾಂಕ್ ಎಂಬಲ್ಲಿ ‘ರ’ ಅರ್ಕಾವತ್ತಾಗಿ ಬಿಡುತ್ತದೆಯೇ? ಬರೆದುದನ್ನು ಪಿಡಿಎಫ್ ಮಾಡಿ, ಅದರೊಳಗೆ ‘ರಾಷ್ಟ್ರ’ ಹುಡುಕಿ. ಕಣ್ಣಿಗೆ ಚೆಂದ ಕಂಡರೂ ಹುಡುಕಾಟಕ್ಕೆ ಸಿಗದ ಕನ್ನಡ ಇನ್ನೂ ಇದೆ.

ಬೀಟಾ ಎಂದರೆ ಆಟವಲ್ಲ. 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ಎಕ್ಸ್‌ಝಡ್ ಎಂಬ ಪುಟ್ಟ ಸಾಫ್ಟ್‌ವೇರಿನಲ್ಲಿ ಕಳ್ಳ ಬಾಗಿಲು ಇಟ್ಟಿರುವುದನ್ನು ಬಯಲು ಮಾಡಿದರು. ಅವರು ಬಳಸುತ್ತಿದ್ದುದು ಉಬುಂಟುವಿಗೆ ಆಧಾರವಾದ ಡೆಬಿಯನ್ನಿನ ಅಭಿವೃದ್ಧಿ ಶಾಖೆ, ‘ಸಿಡ್’. ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಎಂಬ ಸಂಶಯವೇ ಅವರಿಗೆ ಸುಳಿವಾಯಿತು. ಉಬುಂಟು 24.04ರ ಬೀಟಾ ಇದರಿಂದಾಗಿ ಒಂದು ವಾರ ಮುಂದಕ್ಕೆ ಹೋಗಿ ಏಪ್ರಿಲ್ 11ಕ್ಕೆ ಬಂತು. ಹುಳುಕು ಮೊದಲು ತಗಲುವುದು ಇಂಥ ಅರೆಬೆಂದ ಆವೃತ್ತಿ ಬಳಸುವವರಿಗೆ, ಮೊದಲು ಕಾಣುವುದೂ ಅವರಿಗೇ. ಅದಕ್ಕೇ ಈ ಯಂತ್ರದಲ್ಲಿ ಬ್ಯಾಂಕ್ ವ್ಯವಹಾರ ಬೇಡ.

ಇನ್‌ಸ್ಟಾಲ್ ಮಾಡಿಕೊಂಡವರು ಅಪ್‌ಡೇಟ್ ಮಾಡುವಾಗ ‘ತೆಗೆದುಹಾಕಲಾಗುವುದು’ ಪಟ್ಟಿಯನ್ನು ಓದಿ. ಡೆಸ್ಕ್‌ಟಾಪ್ ಪ್ಯಾಕೇಜೇ ಅದರಲ್ಲಿದ್ದರೆ ಬೇಡ ಎನ್ನಿ, ಒಂದೆರಡು ದಿನ ಕಾಯಿರಿ. ಹೀಗೆ ಅಪ್‌ಡೇಟ್ ಮಾಡುತ್ತ ಹೋದರೆ ಬೀಟಾವೇ ಅಂತಿಮ ಆವೃತ್ತಿಯಾಗುತ್ತದೆ. ಎಲ್ಲ ಕಡೆ ಹೀಗಿಲ್ಲ: ವಿಂಡೋಸ್ ಇನ್‌ಸೈಡರ್‌ನ ಕ್ಯಾನರಿ ಚಾನೆಲ್ಲಿನಿಂದ ಹಿಂದೆ ಬರಬೇಕಾದರೆ ಎಲ್ಲ ಅಳಿಸಿ ಹೊಸದಾಗಿ ಹಾಕಬೇಕು.

ದೋಷ ಕಂಡರೆ ಉಬುಂಟುವಿನ ದೋಷ ವರದಿಯ ತಾಣ ಲಾಂಚ್‌ಪ್ಯಾಡ್‌ನಲ್ಲಿ ತಿಳಿಸಿ. ಬೇರೆಯವರು ಆಗಲೇ ಹೇಳಿದ್ದರೆ ‘ನನಗೂ ಹೀಗೇ’ ಎಂದು ಗುರುತಿಸಿದರೆ ಸಾಕು. ಹೊಸದಾದರೆ ಒಂದು ವರದಿಗೆ ಒಂದೇ ದೋಷ: ಏನು ಮಾಡಿದಿರಿ, ಏನಾಗಬೇಕಿತ್ತು, ಏನಾಯಿತು, ಜತೆಗೆ ಒಂದು ಸ್ಕ್ರೀನ್‌ಶಾಟ್. ಕನ್ನಡದ ದೋಷವನ್ನೂ ಇಂಗ್ಲಿಷಿನಲ್ಲೇ ಬರೆಯಬೇಕಾದೀತು, ಇರಲಿ. ವರದಿ ಸಿದ್ಧಪಡಿಸುವ ‘ಉಬುಂಟು-ಬಗ್’ ಆದೇಶಕ್ಕೆ ‘ಸೇವ್’ ಎಂಬ ಆಯ್ಕೆ ಇದೆ. ಸಿಗ್ನಲ್ ಇಲ್ಲದಿದ್ದರೆ ವರದಿಯನ್ನು ಕಡತವಾಗಿ ಉಳಿಸಿಕೊಳ್ಳಬಹುದು. ಇನ್‌ಸ್ಟಾಲ್ ಮಾಡದೆ ‘ಟ್ರೈ’ನಲ್ಲೇ ಇದ್ದರೆ ಅದನ್ನು ಬೇರೊಂದು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ, ಯಂತ್ರ ಆರಿಸಿದರೆ ಎಲ್ಲ ಹೋಗುತ್ತದೆ. ಮಳೆ ನಿಂತ ಮೇಲೆ ಊಟಿಗೆ ಹೋಗಿ ಕಳಿಸಿದರಾಯಿತು.