ತಿಳಿ ಬಗ್ಗಿಸುವಾಗ ಅವಸರ ಬೇಡ

ಮಳೆ ಬಿದ್ದ ಮರುದಿನ ಕೂಡ್ಲಿಗಿ ಸೀಮೆಯ ಗುಡೇಕೋಟೆ ಸುತ್ತಿನ ಹಳ್ಳದ ನೀರು ಕೆಂಪಗೆ ರಾಡಿಯಾಗಿರುತ್ತದೆ. ಕುಡಿಯಲು ಅದೇ ಗತಿ ಎಂದಾದರೆ ಕೊಡವನ್ನು ಅಲುಗಾಡದ ಕಡೆ ಇಡಿ. ಪಟಿಕದ ತುಂಡನ್ನು ನೀರಿನಲ್ಲಿ ನಾಲ್ಕಾರು ಸುತ್ತು ಆಡಿಸಿ ತೆಗೆಯಿರಿ. ಮಣ್ಣಿನ ಕಣಗಳು ಒಂದಕ್ಕೊಂದು ಅಂಟಿ, ಭಾರವಾಗಿ ತಳ ಸೇರುತ್ತವೆ.

ಆಮೇಲೆ ಕೊಡವನ್ನು ಮೆಲ್ಲಗೆ ಓರೆ ಮಾಡಿ, ಕೈ ತಡೆಯದೆ, ಸಣ್ಣ ಧಾರೆಯಲ್ಲಿ ಬಗ್ಗಿಸಿ. ನಡುವೆ ನೆಟ್ಟಗೆ ಮಾಡಿ ಮತ್ತೆ ಬಗ್ಗಿಸಿದರೆ ತಳದ ಗಸಿ ಎದ್ದುಬಿಡುತ್ತದೆ. ಧಾರೆಯಲ್ಲಿ ಕೆಂಪು ಎಳೆ ಕಂಡ ಕೂಡಲೇ ನಿಲ್ಲಿಸಿ; ಉಳಿದದ್ದು ಗಿಡಕ್ಕಿರಲಿ. ತಿಳಿಯಾದ ನೀರಲ್ಲೂ ರೋಗಾಣುಗಳಿರುತ್ತವೆ, ಬಟ್ಟೆಯಲ್ಲಿ ಸೋಸಿ ಕೊತಕೊತ ಕುದಿಸಿಯೇ ಕುಡಿಯಿರಿ.

ಕೊಳವೆಬಾವಿಯ ಮಾತೇ ಬೇರೆ. ಕೂಡ್ಲಿಗಿ ಸೀಮೆಯ ಕೊಳವೆಬಾವಿ ನೀರಿಗೆ ಫ್ಲೋರೈಡ್ ಕಾಟವಿದೆ. ಅದು ಕಣ್ಣಿಗೆ ಕಾಣದು, ತಾನಾಗಿ ತಳಕ್ಕಿಳಿಯದು. ಕುದಿಸಿದರೆ ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿಗೂ ದೊಡ್ಡವರ ಮೂಳೆಗೂ ಕೇಡು. ಫ್ಲೋರೈಡ್ ತೆಗೆಯಲು ನಾಗಪುರದ ‘ನೀರಿ’ (NEERI) ಸಂಸ್ಥೆ ರೂಪಿಸಿದ ನಲ್ಗೊಂಡ ವಿಧಾನದಲ್ಲಿ ಪಟಿಕ, ಸುಣ್ಣ ಬೆರೆಸಿ, ತಳಗಟ್ಟಿಸಿ ತಿಳಿ ತೆಗೆಯುತ್ತಾರೆ, ನಿಜ. ಆದರೆ ಅಳತೆ ತಪ್ಪಿದರೆ ಅಲ್ಯುಮಿನಿಯಂ ನೀರಿನಲ್ಲೇ ಉಳಿಯುತ್ತದೆ. ಮನೆಯಲ್ಲಿ ಅಂದಾಜಿನ ಮೇಲೆ ದಯವಿಟ್ಟು ಇದನ್ನು ಮಾಡಬೇಡಿ. ಪಂಚಾಯಿತಿಗೆ ಹೇಳಿ ನೀರು ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಮಕ್ಕಳಿಗೆ ಶುದ್ಧ ನೀರಿನ ಘಟಕದ ನೀರನ್ನೇ ತಂದು ಕೊಡಿ.