ವಚನಭಂಡಾರದ ರಕ್ಷಣೆಯೂ ಜ್ಞಾನದಾಸೋಹವೂ

ಕಾಯಕದಿಂದ ಬಂದುದನ್ನು ತನ್ನದೆಂದು ಕೂಡಿಡದೆ ಗುರು ಲಿಂಗ ಜಂಗಮರಿಗೆ ಸಮರ್ಪಿಸಿ, ಉಳಿದುದನ್ನು ಪ್ರಸಾದವೆಂದು ಸ್ವೀಕರಿಸುವುದೇ ದಾಸೋಹವೆಂದು ನಮ್ಮ ಶರಣರು ಬೋಧಿಸಿರುವರು. ಈ ತತ್ತ್ವವನ್ನು ನಾವು ಸಾಮಾನ್ಯವಾಗಿ ಅನ್ನಕ್ಕೂ ಧನಕ್ಕೂ ಅನ್ವಯಿಸಿ ತೃಪ್ತರಾಗುತ್ತೇವೆ. ಆದರೆ ಹಿರಿಯರಿಂದ ಬಂದ ಓಲೆಗರಿಯ ಕಟ್ಟೊಂದು ಮನೆಯ ಅಟ್ಟದಲ್ಲಿಯೋ ಮಠದ ಪೆಟ್ಟಿಗೆಯಲ್ಲಿಯೋ ಇದ್ದರೆ, ಅದರ ವಿಷಯದಲ್ಲಿ ದಾಸೋಹಧರ್ಮವು ಏನನ್ನು ವಿಧಿಸುತ್ತದೆ? ಕೆಂಪು ವಸ್ತ್ರದಲ್ಲಿ ಸುತ್ತಿ, ವರ್ಷಕ್ಕೊಮ್ಮೆ ವಿಭೂತಿ ಪತ್ರೆಗಳನ್ನಿಟ್ಟು ಕೈಮುಗಿದರೆ ಸಾಕೆ? ಈ ತಿಂಗಳ ಪಾಠದಲ್ಲಿ ಇದನ್ನು ವಿಚಾರಮಾಡೋಣ.

ಮೊದಲು ತಿಳಿಯತಕ್ಕ ಮಾತೊಂದುಂಟು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ತಮ್ಮ ಕೈಯಿಂದಲೇ ಬರೆದುದೆಂದು ತೋರಿಸಬಹುದಾದ ಗರಿಯೊಂದೂ ಇಂದು ನಮ್ಮೆದುರಿಗಿಲ್ಲ. ನಮಗೆ ದೊರೆತಿರುವುದೆಲ್ಲವೂ ಪ್ರತಿಯ ಪ್ರತಿ. ತಾಳೆಯ ಗರಿಗೆ ಹುಳು, ಗೆದ್ದಲು, ತೇವಗಳು ಸಹಜಶತ್ರುಗಳು. ಎಷ್ಟೇ ಎಣ್ಣೆ ಸವರಿ ಕಾಪಾಡಿದರೂ ಅದರ ಆಯುಸ್ಸಿಗೆ ಮಿತಿಯುಂಟು. ಒಂದು ಗರಿಯ ಆಯುಸ್ಸು ಮುಗಿಯುವುದರೊಳಗೆ ಮತ್ತೊಂದು ಗರಿಗೆ ಇಳಿಸಿದ ಅಜ್ಞಾತ ಲಿಪಿಕಾರರ ಕಂಠದ ಮೊನೆಯಿಂದಲೇ ವಚನಗಳು ಬದುಕಿದುವು. ಹದಿನೈದನೆಯ ಶತಮಾನದಲ್ಲಿ, ವಿಜಯನಗರದ ಪ್ರೌಢದೇವರಾಯನ ಕಾಲದಿಂದ ಮೊದಲುಗೊಂಡು, ವಿರಕ್ತರು ಚದರಿಹೋದ ವಚನಗಳನ್ನು ಆಯ್ದು, ಸ್ಥಲಕ್ರಮದಲ್ಲಿ ಜೋಡಿಸಿ, ಟೀಕೆಗಳನ್ನು ರಚಿಸಿದರು. ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯ ದೇವ, ಗುಮ್ಮಳಾಪುರದ ಸಿದ್ಧಲಿಂಗ, ಗೂಳೂರ ಸಿದ್ಧವೀರಣ್ಣ ಎಂಬ ನಾಲ್ವರು ಸಿದ್ಧಪಡಿಸಿದ ಶೂನ್ಯಸಂಪಾದನೆಗಳು ಈ ಮಹಾಕಾರ್ಯದ ಫಲಗಳಾಗಿವೆ.

ಅಲ್ಲಿಂದ ಮುಂದೆ ಓಲೆಯಿಂದ ಮುದ್ರಣಕ್ಕೆ ತಂದ ಪುಣ್ಯಪುರುಷರಲ್ಲಿ ವಿಜಯಪುರದ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು (೧೮೮೦–೧೯೬೪) ಅಗ್ರಗಣ್ಯರು. ಅವರು ಊರೂರು ಅಲೆದು ಕಟ್ಟುಗಳನ್ನು ಬೇಡಿ ತಂದರು, ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು, ೧೯೨೫ರಲ್ಲಿ ಹಿತಚಿಂತಕ ಮುದ್ರಣಾಲಯವನ್ನೂ ೧೯೨೬ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನೂ ಆರಂಭಿಸಿದರು. ಅದಕ್ಕಾಗಿ ಸ್ವಂತ ಮನೆಯನ್ನೇ ಮಾರಿದರೆಂಬುದು ನಾಡಿಗೆ ವಿದಿತವಾಗಿದೆ. ೧೯೯೩ರಲ್ಲಿ ಕರ್ನಾಟಕ ಸರ್ಕಾರವು ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನ ಸಂಪುಟಗಳನ್ನು ೧೫ ಭಾಗಗಳಲ್ಲಿ ಹೊರತಂದಿತು. ಈಗಲಾದರೋ ‘ವಚನ ಸಂಚಯ’ವೆಂಬ ಅಂತರ್ಜಾಲ ತಾಣದಲ್ಲಿ ೨೦,೦೦೦ಕ್ಕೂ ಮಿಕ್ಕ ವಚನಗಳು ದೊರೆಯುತ್ತವೆ; ಒಂದು ಪದವನ್ನು ಕೊಟ್ಟರೆ ಅದು ಯಾವ ಯಾವ ಶರಣರ ವಚನಗಳಲ್ಲಿ ಬಂದಿದೆಯೆಂಬುದನ್ನು ಕ್ಷಣಮಾತ್ರದಲ್ಲಿ ಕಾಣಬಹುದು. ಪಾತ್ರೆ ಬದಲಾಯಿತು, ಪಾತ್ರೆಯಿಂದ ಪಾತ್ರೆಗೆ ಎರೆಯುವ ಕೈ ಮಾತ್ರ ಎಂದೂ ನಿಲ್ಲಲಿಲ್ಲ.

ನಮ್ಮ ಸೀಮೆಯೇನೂ ಬಡದಲ್ಲ. ಕೊಳ್ಳೇಗಾಲ ತಾಲ್ಲೂಕಿನ ಚಿಲಕವಾಡಿಯ ಶಂಭುಲಿಂಗನ ಬೆಟ್ಟವು ನಿಜಗುಣ ಶಿವಯೋಗಿಗಳ ತಪೋಭೂಮಿ. ಅವರ ‘ವಿವೇಕಚಿಂತಾಮಣಿ’ಯು ಮರಾಠಿಗೂ ಸಂಸ್ಕೃತಕ್ಕೂ ಪರಿವರ್ತನೆಗೊಂಡ ಮಹಾಕೋಶ. ‘ರಾಜಶೇಖರವಿಳಾಸ’, ‘ವೃಷಭೇಂದ್ರವಿಜಯ’ಗಳ ಕವಿಯಾದ ಷಡಕ್ಷರದೇವನ ನೆನಪು ಯಳಂದೂರಿನೊಡನೆ ಹೆಣೆದುಕೊಂಡಿದೆ, ‘ಹದಿಬದೆಯ ಧರ್ಮ’ವನ್ನು ರಚಿಸಿದ ಸಂಚಿಯ ಹೊನ್ನಮ್ಮನೂ ಯಳಂದೂರಿನವಳೇ. ಹನೂರಿನ ಮಲೆಗಳಲ್ಲಿಯಾದರೋ ಮಹದೇಶ್ವರನ ಕಥೆಯು ಓಲೆಯನ್ನೇ ಹಿಡಿಯದೆ ಕಂಸಾಳೆಯವರ ಕೊರಳಿನಲ್ಲಿ ಉಳಿದು ಬಂದಿತು, ಪಿ. ಕೆ. ರಾಜಶೇಖರ ಅವರು ಅದನ್ನು ಸಂಗ್ರಹಿಸಿ ೧೯೭೩ರಲ್ಲಿ ಪುಸ್ತಕರೂಪಕ್ಕೆ ತಂದರು. ಇಂತಹ ನಾಡಿನ ಮನೆಗಳಲ್ಲಿ ಇನ್ನೂ ಬಿಚ್ಚದ ಕಟ್ಟುಗಳಿಲ್ಲವೆಂದು ಯಾರು ಹೇಳಬಲ್ಲರು?

ಇಲ್ಲಿ ನನ್ನದೇ ಒಂದು ತಪ್ಪನ್ನು ನಿವೇದಿಸುವುದು ಅವಶ್ಯವಾಗಿದೆ. ೨೦೦೨ರಲ್ಲಿ ನಮ್ಮ ಸೀಮೆಯ ಒಂದು ಗ್ರಾಮದಲ್ಲಿ ೮೪ ಗರಿಗಳ ವಚನದ ಕಟ್ಟೊಂದನ್ನು ನೋಡುವ ಅವಕಾಶ ನನಗೆ ದೊರೆಯಿತು. ಹಲವು ಭಾನುವಾರ ಅಲ್ಲಿಗೆ ಹೋಗಿ ಓದಿ, ಗಣಕಯಂತ್ರದಲ್ಲಿ ಅಚ್ಚುಮಾಡಿಸಿ, ಎರಡು ಫ್ಲಾಪಿಗಳಲ್ಲಿ ತುಂಬಿಟ್ಟೆನು. ಕಾರ್ಯವು ಮುಗಿಯಿತೆಂದು ಸಂತೋಷಪಟ್ಟೆನು. ಕೆಲವು ವರ್ಷಗಳ ತರುವಾಯ ಆ ಮನೆಗೆ ಹೋದಾಗ ಹಿರಿಯ ತಾಯಿಯವರು, “ಎಲ್ಲವನ್ನೂ ನೀವು ಯಂತ್ರದಲ್ಲಿ ಇಟ್ಟುಕೊಂಡಿರಲ್ಲ ಮೇಷ್ಟ್ರೇ, ಸವೆದ ಗರಿ ಮನೆಯಲ್ಲಿರಬಾರದೆಂದು ಕಾವೇರಿಗೆ ಬಿಟ್ಟೆವು” ಎಂದರು. ಮನೆಗೆ ಬಂದು ಫ್ಲಾಪಿಗಳನ್ನು ತೆಗೆಸಿ ನೋಡಿದರೆ ಒಂದು ತೆರೆಯಲೇ ಇಲ್ಲ. ಇನ್ನೊಂದು ತೆರೆಯಿತು, ಆದರೆ ಕನ್ನಡದ ಬದಲು ಅರ್ಥವಿಲ್ಲದ ಗೀಟುಗಳು ಕಾಣಿಸಿದುವು. ನನ್ನ ಹಳೆಯ ಶಿಷ್ಯನೊಬ್ಬನು ಪರಿವರ್ತಕ ತಂತ್ರಾಂಶದಿಂದ ಅದನ್ನು ಸರಿಪಡಿಸಿದನು. ಹೀಗೆ ಮೊದಲ ೪೦ ಗರಿಗಳ ಪಾಠವು ಉಳಿಯಿತು. ಲಿಪಿಕಾರನ ಹೆಸರು, ಊರು, ಶಕವರ್ಷಗಳನ್ನು ಹೇಳುವ ಸಮಾಪ್ತಿವಾಕ್ಯವು ಕಡೆಯ ಗರಿಯಲ್ಲಿದ್ದಿತು, ಅದು ಹೋಯಿತು. ಸಂವತ್ಸರದ ಹೆಸರು ಮಾತ್ರ ನನಗೆ ನೆನಪಿದೆ. ಅರವತ್ತು ವರ್ಷಗಳಿಗೊಮ್ಮೆ ಮರಳಿ ಬರುವ ಆ ಹೆಸರೊಂದರಿಂದ ಕಾಲವನ್ನು ನಿರ್ಣಯಿಸುವುದು ಹೇಗೆ? ಆ ತಾಯಿಯವರದು ತಪ್ಪಲ್ಲ. ಪ್ರತಿಯಾದ ಮೇಲೆಯೂ ಮೂಲವು ಬೇಕೆಂದು ನಾನು ಹೇಳಲಿಲ್ಲ.

ಈ ನಷ್ಟದಿಂದ ನಾನು ಕಲಿತ ನಾಲ್ಕು ನಿಯಮಗಳನ್ನು ವಾಚಕರ ಮುಂದಿಡುತ್ತೇನೆ.

ಒಂದನೆಯದು: ಪ್ರತಿಯು ಮೂಲಕ್ಕೆ ಸಾಕ್ಷಿಯೇ ಹೊರತು ಬದಲಿಯಲ್ಲ. ನಾವು ತಪ್ಪಾಗಿ ಓದಿದ ಅಕ್ಷರವನ್ನು ಮುಂದಿನವನು ತಿದ್ದಬೇಕಾದರೆ ಮೂಲವಿರಬೇಕು. ಆದುದರಿಂದ ಪಾಠವನ್ನು ಬರೆದುಕೊಂಡರಷ್ಟೇ ಸಾಲದು. ಗರಿಯ ಎರಡು ಮಗ್ಗುಲುಗಳನ್ನೂ, ಬಳಿಯಲ್ಲಿ ಅಳತೆಪಟ್ಟಿಯನ್ನಿಟ್ಟು, ಸ್ಪಷ್ಟವಾಗಿ ಛಾಯಾಚಿತ್ರ ತೆಗೆಯಬೇಕು. ಗರಿಯನ್ನು ನೀರಿನಿಂದ ತೊಳೆಯಬಾರದು, ಅರಿಸಿನ ಕುಂಕುಮಗಳನ್ನು ಹಚ್ಚಬಾರದು, ಬಲವಂತದಿಂದ ಬಿಡಿಸಬಾರದು.

ಎರಡನೆಯದು: ಗ್ರಂಥದೊಡನೆ ಅದರ ವಿವರವೂ ಉಳಿಯಬೇಕು. ಯಾರ ಮನೆಯದು, ಯಾವ ಊರಿನದು, ಗರಿಗಳೆಷ್ಟು, ಸಾಲುಗಳೆಷ್ಟು, ಆದಿ ಅಂತ್ಯಗಳಾವುವು, ಯಾರು ಎಂದು ಚಿತ್ರ ತೆಗೆದರು ಎಂಬುದನ್ನು ಕೂಡಲೇ ಬರೆದಿಡಬೇಕು. ಅಂಕಿತವಿಲ್ಲದ ವಚನದ ಕರ್ತೃವನ್ನು ಹುಡುಕುವುದು ಎಷ್ಟು ಕಷ್ಟವೋ ವಿವರವಿಲ್ಲದ ಚಿತ್ರದ ಮೂಲವನ್ನು ಹುಡುಕುವುದೂ ಅಷ್ಟೇ ಕಷ್ಟ.

ಮೂರನೆಯದು: ಪ್ರತಿಗಳು ಮೂರಾದರೂ ಇರಲಿ, ಅವುಗಳಲ್ಲೊಂದು ಬೇರೆ ಊರಿನಲ್ಲಿರಲಿ, ಒಂದೇ ಬಗೆಯ ಸಾಧನವನ್ನು ನಂಬಬಾರದು. ಕೆಲವು ವರ್ಷಗಳಿಗೊಮ್ಮೆ ತೆರೆದು ಪರೀಕ್ಷಿಸಿ ಹೊಸ ಸಾಧನಕ್ಕೆ ಇಳಿಸುತ್ತಿರಬೇಕು. ಅಕ್ಷರಗಳನ್ನು ಯುನಿಕೋಡ್ ಕ್ರಮದಲ್ಲಿಯೇ ಬರೆಯಬೇಕು. ಹಿಂದಿನ ತಂತ್ರಾಂಶಗಳಲ್ಲಿ ಕನ್ನಡದ ಆಕಾರವನ್ನು ಇಂಗ್ಲಿಷ್ ಅಕ್ಷರದ ಸ್ಥಾನದಲ್ಲಿ ಕೂರಿಸುತ್ತಿದ್ದರು. ಆ ಅಚ್ಚಿಲ್ಲದಿದ್ದರೆ ಬರಹವು ಗೀಟಾಗುತ್ತದೆ. ಯುನಿಕೋಡಿನಲ್ಲಿ ಕನ್ನಡದ ಪ್ರತಿಯೊಂದು ವರ್ಣಕ್ಕೂ ೧೯೯೧ರ ಮೊದಲ ಆವೃತ್ತಿಯಿಂದಲೇ ತನ್ನದೇ ಆದ ಸಂಖ್ಯೆಯುಂಟು.

ನಾಲ್ಕನೆಯದು: ಕಾಪಾಡಿದುದು ಓದುವವರಿಗೆ ದೊರೆಯಬೇಕು. ಬೀಗದ ಪೆಟ್ಟಿಗೆಯೊಳಗಣ ಓಲೆಗೂ ಗುಪ್ತಪದವುಳ್ಳ ಗಣಕದೊಳಗಣ ಚಿತ್ರಕ್ಕೂ ಭೇದವೇನು?

ಈ ಕಡೆಯ ನಿಯಮಕ್ಕೆ ಆಕ್ಷೇಪವುಂಟು. ದೀಕ್ಷೆಯಿಲ್ಲದವರ ಕೈಗೆ ಪವಿತ್ರಗ್ರಂಥವು ಬೀಳಬಹುದಲ್ಲವೆ ಎಂದು ಕೆಲವು ಹಿರಿಯರು ಶಂಕಿಸುತ್ತಾರೆ. ಒಯ್ದವರು ಮರಳಿ ತರುವುದಿಲ್ಲವೆಂಬ ಭಯ ಮತ್ತೆ ಕೆಲವರಿಗೆ. ಎರಡನೆಯ ಭಯಕ್ಕೆ ಕಾರಣವಿಲ್ಲದಿಲ್ಲ. ಆದುದರಿಂದ ಯಂತ್ರವೇ ಮನೆಗೆ ಬರಲಿ, ಕಟ್ಟು ಹೊಸ್ತಿಲು ದಾಟದಿರಲಿ, ಮನೆಯವರ ಒಪ್ಪಿಗೆ ಬರಹದಲ್ಲಿರಲಿ, ಚಿತ್ರಗಳ ಒಂದು ಪ್ರತಿ ಅವರಿಗೂ ಸಲ್ಲಲಿ. ಮಂತ್ರದೀಕ್ಷೆಯ ರಹಸ್ಯವೆಂದು ಗುರುಗಳು ವಿಧಿಸಿದ ಭಾಗವಿದ್ದರೆ ಅದನ್ನು ಗುರುಗಳ ಅಪ್ಪಣೆಯಂತೆ ಪ್ರತ್ಯೇಕವಾಗಿಡಬಹುದು. ಆದರೆ ವಚನಗಳಿಗೆ ಈ ಶಂಕೆಯು ಸಲ್ಲದು. ಪಂಡಿತರಿಗೆ ಮಾತ್ರ ಮೀಸಲಾಗಿದ್ದ ತತ್ತ್ವವನ್ನು ಅಂಬಿಗನಿಗೂ ಮಡಿವಾಳನಿಗೂ ತಿಳಿಯುವ ನುಡಿಯಲ್ಲಿ ಆಡಿದವರು ಶರಣರು. ಅವರ ಮಾತನ್ನು ಮುಚ್ಚಿಡುವುದು ಅವರ ನಡೆಗೆ ವಿರುದ್ಧ. ಬಚ್ಚಿಟ್ಟ ಗ್ರಂಥವು ಸ್ಥಾವರ. ಓದುಗನಿಂದ ಓದುಗನಿಗೆ ಸಂಚರಿಸುವ ಗ್ರಂಥವು ಜಂಗಮ.

ಶರಣಬಂಧುಗಳೆ, ಬರುವ ಶಿವರಾತ್ರಿಯೊಳಗಾಗಿ ನಿಮ್ಮ ಮನೆಯ ಪೆಟ್ಟಿಗೆಯನ್ನೊಮ್ಮೆ ತೆರೆಯಿರಿ. ಕಟ್ಟಿದ್ದರೆ ಒಣ ಬಟ್ಟೆಯಲ್ಲಿಡಿ, ಗರಿಗಳನ್ನೆಣಿಸಿ ಒಂದು ಚೀಟಿಯಲ್ಲಿ ಬರೆಯಿರಿ, ಓದಬಲ್ಲವರಿಗೆ ತಿಳಿಸಿರಿ. ಮೈಸೂರಿನ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆಯಲ್ಲಿಯೂ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿಯೂ ಹಸ್ತಪ್ರತಿಗಳನ್ನು ಬಲ್ಲವರಿದ್ದಾರೆ. ಸವೆದಿದೆಯೆಂದು ಹೊಳೆಗೆ ಮಾತ್ರ ಬಿಡಬೇಡಿರಿ. ಒಮ್ಮೆ ಬಿಟ್ಟುದನ್ನು ಕಾವೇರಿ ಮರಳಿ ಕೊಡಳು. ಹಿರಿಯರು ಕಣ್ಣು ಸವೆಸಿ ಬರೆದಿಟ್ಟುದನ್ನು ಮುಂದಿನವರ ಕೈಗೆ ಮುಟ್ಟಿಸುವುದೂ ಒಂದು ಕಾಯಕ. ಎಲ್ಲರಿಗೂ ತೆರೆದಿಡುವುದೇ ಅದರ ದಾಸೋಹ.