ಪ್ರಣಯ ವಿನೋದದಲ್ಲಿ ನಿರಾಕರಣೆಯ ಸ್ಥಾನ: ಮೂರು ಕೃತಿಗಳ ಹಿನ್ನೆಲೆಯಲ್ಲಿ

ಹಾಸ್ಯ ಕಾದಂಬರಿಗಳು ಮತ್ತು ಪ್ರಣಯ ವಿನೋದದ ಕಥನಗಳು ಓದುಗರಿಗೆ ಪ್ರಿಯವಾದಷ್ಟು ವಿಮರ್ಶಕರಿಗೆ ಪ್ರಿಯವಾದುವಲ್ಲ. 'ಲಘು ಸಾಹಿತ್ಯ', 'ಕಾಲಹರಣದ ಓದು' ಎಂಬ ಹಣೆಪಟ್ಟಿಗಳ ಹಿಂದೆ ಒಂದು ತರ್ಕವಿದೆ. ನಾಯಕ ನಾಯಿಕೆಯರು ಜಗಳವಾಡಿ ಕೊನೆಗೆ ಮದುವೆಯಾಗುತ್ತಾರೆ ಎಂಬುದು ಮೊದಲ ಪುಟದಲ್ಲಿಯೇ ತಿಳಿಯುವುದರಿಂದ, ಅಲ್ಲಿ ಅರಿಯಬೇಕಾದುದೇನೂ ಉಳಿಯುವುದಿಲ್ಲ ಎಂಬುದೇ ಆ ತರ್ಕ. ಆದರೆ ಯಕ್ಷಗಾನದ ಪ್ರೇಕ್ಷಕನಿಗೂ ಪ್ರಸಂಗದ ಕೊನೆ ತಿಳಿದೇ ಇರುತ್ತದೆ. ಆದರೂ ಆತ ಬೆಳಗಿನವರೆಗೆ ಕೂರುತ್ತಾನೆ. ಅಂತ್ಯ ತಿಳಿದಿರುವಾಗ ಆಸಕ್ತಿ ದಾರಿಯ ಕಡೆಗೆ ಹೊರಳುತ್ತದೆ. ಪ್ರಣಯ ವಿನೋದದ ದಾರಿಯಲ್ಲಿ ಓದುಗರನ್ನು ಹಿಡಿದಿಡುವ ಸಂಗತಿ ಯಾವುದೆಂಬುದನ್ನು ಕಾಳಿದಾಸನ 'ಮಾಳವಿಕಾಗ್ನಿಮಿತ್ರ', ಜೇನ್ ಆಸ್ಟೆನ್‌ಳ 'ಪ್ರೈಡ್ ಅಂಡ್ ಪ್ರೆಜುಡಿಸ್' ಮತ್ತು ಕನ್ನಡದ 'ಗಣೇಶನ ಮದುವೆ' ಚಲನಚಿತ್ರಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಶೃಂಗಾರದಿಂದ ಹಾಸ್ಯ

ನಾಟ್ಯಶಾಸ್ತ್ರದ ಆರನೆಯ ಅಧ್ಯಾಯವು ಶೃಂಗಾರ, ರೌದ್ರ, ವೀರ, ಬೀಭತ್ಸಗಳನ್ನು ಮೂಲ ರಸಗಳೆಂದು ಎಣಿಸಿ, ಹಾಸ್ಯವು ಶೃಂಗಾರದಿಂದ ಹುಟ್ಟುತ್ತದೆ, ಶೃಂಗಾರದ ಅನುಕರಣೆಯೇ ಹಾಸ್ಯ ಎನ್ನುತ್ತದೆ. ಈ ಮಾತನ್ನು ವಿಸ್ತರಿಸುವ ಅಭಿನವಗುಪ್ತ, ಸೀತೆಯಲ್ಲಿ ರಾವಣನಿಗಿದ್ದ ರತಿಯನ್ನು ಉದಾಹರಿಸುತ್ತಾನೆ. ಅದು ಏಕಮುಖವಾದುದರಿಂದ ಶೃಂಗಾರವಲ್ಲ, ಶೃಂಗಾರಾಭಾಸ. ಅನುಚಿತವಾದ ಆ ಆಭಾಸವು ಹಾಸ್ಯಕ್ಕೆ ಎಡೆಮಾಡಿಕೊಡುತ್ತದೆ. ಇದರಿಂದ ಸ್ಪಷ್ಟವಾಗುವ ಅಂಶವೆಂದರೆ, ಪ್ರೀತಿಯನ್ನು ಪ್ರೀತಿಯ ಸೋಗಿನಿಂದ ಬೇರ್ಪಡಿಸುವ ಗೆರೆ ಪರಸ್ಪರತೆ. ಆ ಗೆರೆಯನ್ನು ಎತ್ತಿ ತೋರಿಸುವ ಕೆಲಸ ನಗುವಿನದು. ಶೃಂಗಾರ ಹಾಸ್ಯಗಳು ಜೊತೆಯಾಗಿರುವುದು ಕೇವಲ ರಂಜನೆಗಾಗಿ ಅಲ್ಲ ಎಂಬುದಕ್ಕೆ ಇದು ಶಾಸ್ತ್ರದ ಆಧಾರ.

ಆದರೆ ನಗುವ ಹಕ್ಕು ಯಾರಿಗಿದೆ ಎಂಬ ಪ್ರಶ್ನೆಯನ್ನು ಕೃತಿಗಳಲ್ಲಿಯೇ ಹುಡುಕಬೇಕಾಗುತ್ತದೆ. 'ಮಾಳವಿಕಾಗ್ನಿಮಿತ್ರ'ದಲ್ಲಿ ಅದು ವಿದೂಷಕ ಗೌತಮನ ಪಾಲಿಗೆ ಬಂದಿದೆ. ಹಾವು ಕಚ್ಚಿದಂತೆ ನಟಿಸಿ, ರಾಣಿ ಧಾರಿಣಿಯ ಸರ್ಪಮುದ್ರೆಯ ಉಂಗುರವನ್ನು ಪಡೆದು, ಸೆರೆಯಲ್ಲಿದ್ದ ಮಾಳವಿಕೆಯನ್ನು ಬಿಡಿಸುವವನು ಅವನೇ. ಈ ಹಾಸ್ಯವೆಲ್ಲ ರಾಜನ ಬಯಕೆಯ ಪರವಾಗಿ ದುಡಿಯುತ್ತದೆ. ಮಾಳವಿಕೆಗೂ ರಾಜನಲ್ಲಿ ಅನುರಾಗವಿದೆ ಎಂಬುದು ನಿಜ. ಆದರೆ ಅಂತಃಪುರದ ಪರಿಚಾರಿಕೆಯಾಗಿರುವ ಆಕೆಗೆ 'ಒಲ್ಲೆ' ಎನ್ನುವ ಸಂದರ್ಭವನ್ನು ನಾಟಕ ಒದಗಿಸುವುದಿಲ್ಲ. ಆಕೆ ವಿದರ್ಭದ ರಾಜಕುಮಾರಿಯೆಂಬ ಗುಟ್ಟು ಹೊರಬಿದ್ದೊಡನೆ ತೊಡಕು ಬಗೆಹರಿಯುತ್ತದೆ. ಬದಲಾಗುವುದು ಆಕೆಯ ಗುರುತು. ಯಾರ ಮನಸ್ಸೂ ಅಲ್ಲ.

ಎಲಿಜಬೆತಳ ಎರಡು ನಿರಾಕರಣೆಗಳು

1813ರಲ್ಲಿ ಲೇಖಕಿಯ ಹೆಸರಿಲ್ಲದೆ ಪ್ರಕಟವಾದ 'ಪ್ರೈಡ್ ಅಂಡ್ ಪ್ರೆಜುಡಿಸ್' ಕಾದಂಬರಿಯಲ್ಲಿ ವಿದೂಷಕನ ಸ್ಥಾನವನ್ನು ನಾಯಿಕೆಯೇ ವಹಿಸಿಕೊಳ್ಳುತ್ತಾಳೆ. ಎಲಿಜಬೆತ್ ನಗುವ ಹೆಣ್ಣು. ಆಕೆ ನಗುವುದು ನಿಶ್ಚಿಂತೆಯಿಂದಲ್ಲ ಎಂಬುದು ಗಮನಾರ್ಹ. ಬೆನೆಟ್ ದಂಪತಿಗಳಿಗೆ ಐವರು ಹೆಣ್ಣುಮಕ್ಕಳು. ಆಸ್ತಿಯಾದರೋ ಗಂಡು ವಾರಸುದಾರನಿಗೆ ಮಾತ್ರ ಸಲ್ಲತಕ್ಕದ್ದು. ತಂದೆ ತೀರಿಕೊಂಡರೆ ತಾಯಿಯೂ ಮಕ್ಕಳೂ ಮನೆ ಬಿಡಬೇಕು. ಆ ವಾರಸುದಾರನಾದ ಪಾದ್ರಿ ಕಾಲಿನ್ಸನೇ ಎಲಿಜಬೆತಳ ಕೈ ಕೇಳಲು ಬರುತ್ತಾನೆ. ತಾನು ಮದುವೆಯಾಗಬೇಕಾದ ಕಾರಣಗಳನ್ನು ಒಂದೊಂದಾಗಿ ಎಣಿಸುವ ಅವನ ಪಟ್ಟಿಯಲ್ಲಿ ಆಶ್ರಯದಾತೆ ಲೇಡಿ ಕ್ಯಾಥರೀನಳ ಸಲಹೆಗೆ ಎಡೆಯುಂಟು, ಎಲಿಜಬೆತಳ ಮನಸ್ಸಿಗಿಲ್ಲ. ಆಕೆ ಸ್ಪಷ್ಟವಾಗಿ ನಿರಾಕರಿಸಿದರೂ, ಮೊದಲು ಬೇಡವೆನ್ನುವುದು ಕುಲೀನ ಹೆಣ್ಣುಗಳ ವಾಡಿಕೆಯೆಂದೇ ಆತ ಭಾವಿಸುತ್ತಾನೆ. ಓದುಗರನ್ನು ನಗಿಸುವುದು ಈ ಕಿವುಡುತನ. ಅಭಿನವಗುಪ್ತನ ಶೃಂಗಾರಾಭಾಸಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯಲಾರದು.

ಕಾದಂಬರಿಯ ನಿಜವಾದ ಧೈರ್ಯವಿರುವುದು ಎರಡನೆಯ ನಿರಾಕರಣೆಯಲ್ಲಿ. ವರ್ಷಕ್ಕೆ 10,000 ಪೌಂಡ್ ವರಮಾನವುಳ್ಳ ಡಾರ್ಸಿ ಮದುವೆಯ ಪ್ರಸ್ತಾಪ ಮಾಡುವಾಗ, ಆಕೆಯ ಬಂಧುಗಳ ಕೀಳುಮೆಯನ್ನು ಎತ್ತಿ ಆಡುತ್ತಾನೆ. ಒಪ್ಪಿಗೆ ಸಿಕ್ಕೇ ಸಿಗುತ್ತದೆಂಬ ಭರವಸೆ ಅವನಿಗಿದೆ. ಈ ಒಂದು ಅಂಶದಲ್ಲಿ ಘನವಂತ ನಾಯಕನೂ ಹಾಸ್ಯಾಸ್ಪದ ಪಾದ್ರಿಯೂ ಸಮಾನರು. ವ್ಯತ್ಯಾಸ ತೋರುವುದು ನಿರಾಕರಣೆಯ ಅನಂತರ. ಕಾಲಿನ್ಸ್ 'ಇಲ್ಲ' ಎಂಬುದನ್ನು ಕೇಳಿಸಿಕೊಳ್ಳುವುದಿಲ್ಲ, ಡಾರ್ಸಿ ಕೇಳಿಸಿಕೊಳ್ಳುತ್ತಾನೆ. ಆತ ಪತ್ರ ಬರೆದು ಆರೋಪಗಳಿಗೆ ಉತ್ತರಿಸುತ್ತಾನೆಯೇ ಹೊರತು ಮತ್ತೆ ಕೈ ಕೇಳುವುದಿಲ್ಲ. ಎರಡನೆಯ ಬಾರಿ ಮಾತೆತ್ತುವಾಗ, ಆಕೆಯ ಮನಸ್ಸು ಬದಲಾಗಿಲ್ಲವಾದರೆ ಎಂದೆಂದಿಗೂ ಮೌನವಾಗಿರುವುದಾಗಿ ತಿಳಿಸಿಯೇ ಮುಂದುವರಿಯುತ್ತಾನೆ. ಇತ್ತ ಪತ್ರವನ್ನೋದಿದ ಎಲಿಜಬೆತ್, ಜನರ ಸ್ವಭಾವವನ್ನು ಅಳೆಯಬಲ್ಲೆನೆಂಬ ತನ್ನ ಹೆಮ್ಮೆಯೇ ವಿಕ್‌ಹ್ಯಾಮನ ವಿಷಯದಲ್ಲಿ ಮೋಸಹೋದುದನ್ನು ಕಂಡುಕೊಳ್ಳುತ್ತಾಳೆ. ಪರರತ್ತ ಹರಿದಿದ್ದ ನಗು ತನ್ನತ್ತ ತಿರುಗುವ ಗಳಿಗೆಯಿದು. ಇಬ್ಬರೂ ತಮ್ಮ ತಪ್ಪನ್ನು ಅರಿತ ಮೇಲೆಯೇ ಶೃಂಗಾರ ಆಭಾಸವಾಗಿ ಉಳಿಯುವುದಿಲ್ಲ.

ಎಲ್ಲರಿಗೂ ಈ ಭಾಗ್ಯವಿಲ್ಲವೆಂಬುದನ್ನು ಆಸ್ಟೆನ್ ಮರೆಮಾಚಿಲ್ಲ. ಇಪ್ಪತ್ತೇಳು ವಯಸ್ಸಿನ ಷಾರ್ಲಟ್ ಲ್ಯೂಕಸ್, ಗೆಳತಿ ತಿರಸ್ಕರಿಸಿದ ಕಾಲಿನ್ಸನನ್ನು ನೆಲೆಗಾಗಿ ಒಪ್ಪುತ್ತಾಳೆ. 'ಒಲ್ಲೆ' ಎನ್ನಲು ತೆರಬೇಕಾದ ಬೆಲೆ ಏನೆಂಬುದನ್ನು ಆಕೆಯ ಬದುಕು ಸೂಚಿಸುತ್ತದೆ.

ಮುಖಕ್ಕಿಂತ ಮೊದಲು ದನಿ

ಫಣಿ ರಾಮಚಂದ್ರ ಅವರ ನಿರ್ದೇಶನದಲ್ಲಿ 1990ರಲ್ಲಿ ತೆರೆಕಂಡ 'ಗಣೇಶನ ಮದುವೆ'ಯ ಆವರಣ ಇದಕ್ಕಿಂತ ಹಗುರವಾದುದು. ಬಾಡಿಗೆದಾರನಾದ ಗಣೇಶನಿಗೂ (ಅನಂತ್ ನಾಗ್) ಮನೆಯೊಡೆಯನ ಮಗಳು ಆದಿಲಕ್ಷ್ಮಿಗೂ (ವಿನಯಾ ಪ್ರಸಾದ್) ನಿತ್ಯ ಜಗಳ. ಅದೇ ಗಣೇಶ 'ಶ್ರುತಿ' ಎಂಬ ಗಾಯಕಿಯ ಕಂಠಕ್ಕೆ ಮಾರುಹೋಗಿ, ಆಕೆಯನ್ನು ಕಾಣದೆಯೇ ಪತ್ರಗಳ ಮೂಲಕ ಪ್ರೀತಿಸುತ್ತಾನೆ. ಶ್ರುತಿ ಆದಿಲಕ್ಷ್ಮಿಯೇ ಎಂಬುದು ಪ್ರೇಕ್ಷಕರಿಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಚಿತ್ರದ ನಗೆಯ ಬಹುಪಾಲು ಈ ಅಂತರದಿಂದ ಹುಟ್ಟುತ್ತದೆ.

ಹೆಣ್ಣು ನೋಡುವ ಶಾಸ್ತ್ರದಲ್ಲಿ ಗಂಡಿನ ಕಡೆಯವರು ಮೊದಲು ಹೆಣ್ಣಿನ ಮುಖ ನೋಡುತ್ತಾರೆ. ಹಾಡಿಸುವುದುಂಟಾದರೆ ಅದೂ ಪರೀಕ್ಷೆಯ ಭಾಗವೇ. ಚಿತ್ರವು ಈ ಕ್ರಮವನ್ನು ತಿರುವುಮುರುವು ಮಾಡಿದೆ. ಇಲ್ಲಿ ಹೆಣ್ಣಿನ ಹಾಡೂ ಬರೆಹವೂ ಮೊದಲು ತಲುಪುತ್ತವೆ, ಮುಖ ಕೊನೆಗೆ ಬರುತ್ತದೆ. ಜೊತೆಗೆ, ಎದುರಾಎದುರು ನಡೆಯುವ ಜಗಳವು ಆಕೆಗೆ ಸರಿಸಾಟಿಯ ಸ್ಥಾನವನ್ನು ಕೊಡುತ್ತದೆ. ಲಗ್ನಪತ್ರಿಕೆಯ ಮಾತು ಬರುವ ಮೊದಲೇ ಇಬ್ಬರೂ ಪರಸ್ಪರರ ಸಿಡುಕು, ಹಟ, ಚುರುಕು ನಾಲಗೆಗಳನ್ನು ಬಲ್ಲವರಾಗಿರುತ್ತಾರೆ. ಮಾಳವಿಕೆಯ ಗುಟ್ಟು ಬಯಲಾದಾಗ ಆಕೆಯ ಅಂತಸ್ತು ಏರಿತ್ತು. ಇಲ್ಲಿ ಗುಟ್ಟು ಬಯಲಾದಾಗ ಅಂತಸ್ತು ಹಾಗೆಯೇ ಉಳಿದು, ನೋಡುವ ಕಣ್ಣು ಬದಲಾಗಬೇಕಾಗುತ್ತದೆ.

ಉಪಸಂಹಾರ

ಮೇಲಿನ ಚರ್ಚೆಯಿಂದ ಪ್ರಣಯ ವಿನೋದದ ಆಕರ್ಷಣೆ ಮದುವೆಯೆಂಬ ಫಲದಲ್ಲಿಲ್ಲ, ಅದಕ್ಕೆ ಮುನ್ನ ಬರುವ ನಿರಾಕರಣೆ ಹಾಗೂ ತಿದ್ದುಪಡಿಗಳಲ್ಲಿದೆ ಎನ್ನಬಹುದು. ಹೆಣ್ಣಿನ ಅಭಿಪ್ರಾಯವನ್ನು ಕೇಳದೆಯೇ ಸಂಬಂಧ ಗೊತ್ತುಮಾಡುವ ರೂಢಿ ಬಹುಕಾಲ ಉಳಿದುಬಂದ ಸಮಾಜದಲ್ಲಿ, 'ಒಲ್ಲೆ' ಎಂಬ ಮಾತಿಗೆ ಕಥೆಯನ್ನೇ ತಡೆದು ನಿಲ್ಲಿಸುವ ಶಕ್ತಿಯಿದೆ ಎಂದು ತೋರಿಸುವ ಕೃತಿಯನ್ನು ಲಘುವೆಂದು ತಳ್ಳಿಹಾಕುವುದು ಸರಿಯಲ್ಲ.

ಇದೇ ಮಾನದಂಡ ಈ ಪ್ರಕಾರದ ಸೋಲನ್ನೂ ಗುರುತಿಸುತ್ತದೆ. ನಿರಾಕರಿಸಿದ ಹೆಣ್ಣಿನ ಬೆನ್ನುಬಿದ್ದು ಪೀಡಿಸುವುದನ್ನೇ ವಿನೋದವೆಂದು ತೋರಿಸಿ, ಆಕೆಯ ಸೋಲನ್ನು ಒಪ್ಪಿಗೆಯೆಂದು ಕರೆದ ಚಲನಚಿತ್ರಗಳು ಭಾರತೀಯ ಭಾಷೆಗಳಲ್ಲಿ ವಿರಳವಲ್ಲ. ಅಲ್ಲಿ ಕಾಲಿನ್ಸನೇ ನಾಯಕನಾಗಿರುತ್ತಾನೆ, ಪ್ರೇಕ್ಷಕರ ನಗುವೂ ಅವನ ಪಕ್ಷ ಸೇರಿರುತ್ತದೆ. ಆದಕಾರಣ ಇಂತಹ ಕೃತಿಗಳ ಅಧ್ಯಯನದಲ್ಲಿ ಅವು ಎಷ್ಟು ನಗಿಸುತ್ತವೆ ಎಂಬುದರ ಜೊತೆಗೆ, ಆ ನಗು ನಿರಾಕರಿಸಿದವರ ಪರವಾಗಿದೆಯೇ, ನಿರಾಕರಣೆಯನ್ನು ಕೇಳಿಸಿಕೊಳ್ಳದವರ ಪರವಾಗಿದೆಯೇ ಎಂಬುದನ್ನೂ ಪರಿಶೀಲಿಸುವುದು ಅಗತ್ಯ.